ಗೆರೆ ಒಂದು, ಅಂಕಿ ಇನ್ನೊಂದು

ಸಾಹೇಬರ ಬಲಗೈ ಕಿರುಬೆರಳಿನ ಹೊರಮಗ್ಗುಲಿಗೆ ಒಂದು ಕರಿ ಗಂಟು ಇತ್ತು. ನೊಗ ಹೊತ್ತ ಎತ್ತಿನ ಹೆಗಲು ಗಟ್ಟಿಯಾಗುತ್ತದಲ್ಲ, ಹಾಗೆ. ವಯಸ್ಸಿನಲ್ಲಿ ಕಾಗದದ ಮೇಲೆ ಕೈ ಎಳೆದೂ ಎಳೆದೂ ಆದದ್ದು. ಕಂಪ್ಯೂಟರ್ ಬಂದು, ಮಸಿ ಪೆನ್ನು, ಮರದ ಹಲಗೆ, ಉದ್ದನೆಯ ಸ್ಕೇಲು ಎಲ್ಲ ಅಟ್ಟ ಸೇರಿ ಎಷ್ಟೋ ವರ್ಷವಾದರೂ ಗಂಟು ಕರಗಲಿಲ್ಲ. ಊಟ ಮಾಡುವಾಗಲೂ ಆ ಬೆರಳನ್ನು ತಟ್ಟೆಗೆ ತಾಗಿಸದೆ ಮೇಲೆತ್ತಿ ಹಿಡಿಯುತ್ತಿದ್ದರು. ಮುಟ್ಟಿದರೆ ಅನ್ನ ಅಳಿಸಿಹೋಗುತ್ತದೆ ಅನ್ನುವ ಹಾಗೆ.

ಹೊಸಪೇಟೆಯ ಸ್ಟೇಷನ್ ರಸ್ತೆಯಲ್ಲಿ, ಸಿಮೆಂಟ್ ಅಂಗಡಿಯ ಮೇಲಿನ ಅಂತಸ್ತಿನಲ್ಲಿ ಅವರ ನಕ್ಷೆ ಬರೆಯುವ ಆಫೀಸು. ಆಫೀಸು ಅಂದರೆ ಒಂದು ಕೋಣೆ, ಎರಡು ಕಂಪ್ಯೂಟರ್, ಚಹಾ ಕಾಸಲು ಒಂದು ಮೂಲೆ. ಮನೆ ಕಟ್ಟಿಸುವವರಿಗೆ ಮನೆ ನಕ್ಷೆ, ಸಂಡೂರಿನ ಅದಿರಿನ ಕಡೆಯವರಿಗೆ ಕಬ್ಬಿಣದ ಶೆಡ್ಡಿನ ನಕ್ಷೆ, ಕಂಪ್ಲಿ ಕಡೆಯವರಿಗೆ ಅಕ್ಕಿ ಗಿರಣಿಯ ನಕ್ಷೆ. ನಾನು ಅಲ್ಲಿ ಕಸ ಹೊಡೆಯುತ್ತಿದ್ದೆ, ನೀರು ತುಂಬುತ್ತಿದ್ದೆ, ಚಹಾ ಮಾಡುತ್ತಿದ್ದೆ, ಸುತ್ತಿದ ನಕ್ಷೆಗಳನ್ನು ಜೆರಾಕ್ಸ್ ಅಂಗಡಿಗೆ ಒಯ್ದು ತರುತ್ತಿದ್ದೆ.

ನಾನು ಸಂಡೂರು ತಾಲೂಕಿನ ಬಂಡ್ರಿಯವಳು. ಗಣಿ ನಿಂತ ಮೇಲೆ ಅದಿರು ತುಂಬುವ ಕೂಲಿ ಹೋಯಿತು, ಆಮೇಲೆ ಗಂಡನೂ ಹೋದ. ಹೊಟ್ಟೆ ಮಾತ್ರ ಉಳಿಯಿತು. ಅದನ್ನು ಕಟ್ಟಿಕೊಂಡು ಹೊಸಪೇಟೆಗೆ ಬಂದೆ. ಸಾಹೇಬರು ಇಟ್ಟುಕೊಂಡರು. ಕರುಣೆಯಿಂದ ಅಲ್ಲ, ಮೊದಲಿನವಳು ಬಿಟ್ಟುಹೋಗಿದ್ದಳು.

ಬಾಯಲ್ಲಿ ಅವರಿಗೆ ‘ರೀ’ ಅನ್ನುತ್ತಿದ್ದೆ, ಹೊಟ್ಟೆಯೊಳಗೆ ‘ಲೇ’ ಅನ್ನುತ್ತಿದ್ದೆ. ಅಷ್ಟು ಓದಿದ ಮನುಷ್ಯ ಒಂದು ಕುರ್ಚಿ ಕೊಳ್ಳಬೇಕಾದರೂ ಅರ್ಧ ಊರನ್ನು ಕೇಳುತ್ತಿದ್ದರು. ಕೇಳಿದ ಮೇಲೂ ಕೊಳ್ಳುತ್ತಿರಲಿಲ್ಲ. ಮುರಿದ ಕುರ್ಚಿಯ ಕಾಲಿಗೆ ಸುತಳಿ ಸುತ್ತಿ ಕುಳಿತು, ‘ನೋಡೂಣು’ ಅನ್ನುತ್ತಿದ್ದರು. ಫ್ಯಾನ್ ಕೆಟ್ಟರೆ ನೋಡೂಣು. ಮಳೆ ನೀರು ಗೋಡೆಯಲ್ಲಿ ಇಳಿದರೆ ನೋಡೂಣು. ನನ್ನ ಪಗಾರ ಏರಿಸಿರಿ ಅಂದರೆ ಆ ಮಾತನ್ನು ಇನ್ನೂ ಉದ್ದ ಎಳೆದು ಹೇಳುತ್ತಿದ್ದರು. ನೋಡುವುದು ಒಂದು ಕೆಲಸವಾಗಿದ್ದರೆ ಅವರಷ್ಟು ದುಡಿದವರು ಈ ಜಿಲ್ಲೆಯಲ್ಲಿ ಇರುತ್ತಿರಲಿಲ್ಲ.

ಅಕ್ಷರ ಕಲಿಸಿದ್ದು ಅವರೇ. ಅದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇದನ್ನು ಬರೆದವರು ಯಾರು ಅನ್ನುವ ಪ್ರಶ್ನೆ ಬರುತ್ತದೆ. ಒಮ್ಮೆ ಮೆಟ್ರಿಯ ರೈತರೊಬ್ಬರ ಮನೆಯ ನಕ್ಷೆ ಕಂಪ್ಲಿಯ ಗಿರಣಿಯವರ ಕೈಗೆ ಹೋಯಿತು, ಗಿರಣಿಯ ನಕ್ಷೆ ಮೆಟ್ರಿಗೆ ಹೋಯಿತು. ಎರಡೂ ಸುರುಳಿ ಒಂದೇ ನಮೂನೆ ಇದ್ದವು. ಓದಲು ಬಾರದವಳ ಕೈಗೆ ಸುರುಳಿ ಕೊಟ್ಟರೆ ಇನ್ನೇನಾಗುತ್ತದೆ. ಮೆಟ್ರಿಯವರು ಫೋನ್ ಮಾಡಿ, ನಮ್ಮ ಅಡಿಗೆ ಮನೆಯೊಳಗೆ ಭತ್ತ ಸುರಿಯುವ ಗುಂಡಿ ಯಾಕೆ ಹಾಕಿದ್ದೀರಿ ಎಂದು ಕೇಳಿದರು. ಅದರ ಮರುದಿನ ಮಧ್ಯಾಹ್ನ ಸಾಹೇಬರು ನನ್ನನ್ನು ಕರೆದು ಕೂರಿಸಿ, ಹಾಳಾದ ಪ್ರಿಂಟಿನ ಬೆನ್ನಿಗೆ ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದರು.

“ಯಮ್ಮಾ, ಮ್ಯಾಲಿನ ಗೆರಿಗೆ ತಲಿ, ಕೆಳಗಿನ ಗೆರಿಗೆ ಕಾಲು. ಗೆರಿ ದಾಟಬ್ಯಾಡ,” ಅಂದರು.

ನಕ್ಷೆಯ ಮೇಲೆ ಹೆಸರು ಬರೆಯುವ ಕ್ರಮವಂತೆ ಅದು. ಕೈಯಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಅವರ ಅಕ್ಷರಕ್ಕೆ ಬಳ್ಳಾರಿಯವರೆಗೂ ಹೆಸರಿತ್ತಂತೆ. ಹಾಗಂತ ಅವರೇ ಹೇಳಿದ್ದು. ದಿನಾ ಊಟ ಆದ ಮೇಲೆ ಕೂರಿಸುತ್ತಿದ್ದರು. ಕೊಂಬು ಗೆರೆ ದಾಟಿದರೆ ಸ್ಕೇಲಿನಿಂದ ಮೇಜು ಕುಟ್ಟುತ್ತಿದ್ದರು. ಒಂದು ದಿನವೂ ಭೇಷ್ ಅನ್ನಲಿಲ್ಲ. ನಾನು ಬರೆದ ಮೊದಲ ಪದ ನನ್ನ ಹೆಸರಲ್ಲ, ‘ಮೆಟ್ರಿ’. ಇವತ್ತಿಗೂ ನನ್ನ ಅಕ್ಷರಗಳು ಹೊಲದ ಬದುವಿನ ಕಲ್ಲಿನಂತೆ ಒಂದೇ ಎತ್ತರಕ್ಕೆ ನಿಲ್ಲುತ್ತವೆ. ಬ್ಯಾಂಕಿನವರು ಸಹಿ ನೋಡಿ, ಇದನ್ನು ಪ್ರಿಂಟ್ ಹಾಕಿಸಿದ್ದೀರಾ ಎಂದು ಕೇಳಿದ್ದುಂಟು.

ಗೆರೆ ದಾಟಬೇಡ ಎಂದು ನನಗೆ ಮೇಜು ಕುಟ್ಟಿದ ಮನುಷ್ಯ ತಾವು ಮಾಡುತ್ತಿದ್ದುದೇನು ಅನ್ನುವುದನ್ನು ಈಗ ಹೇಳುತ್ತೇನೆ.

ನಮ್ಮ ಕಡೆ ಮನೆ ಕಟ್ಟಿಸುವವರು ಆಯ ನೋಡಿಸುತ್ತಾರೆ. ಮನೆಯ ಉದ್ದ ಅಗಲ ಲೆಕ್ಕ ಹಾಕಿ, ಇಷ್ಟಿದ್ದರೆ ಒಳ್ಳೆಯದು, ಇಷ್ಟಿದ್ದರೆ ಕೆಟ್ಟದ್ದು ಎಂದು ಶಾಸ್ತ್ರದವರು ಹೇಳುತ್ತಾರೆ. ಒಂದು ಗೇಣು ಹೆಚ್ಚಾದರೆ ಸಿರಿ, ಒಂದು ಗೇಣು ಕಮ್ಮಿಯಾದರೆ ಸಾವು, ಹೀಗೆ. ನಕ್ಷೆ ಪೂರ್ತಿ ಮುಗಿದು ಪ್ರಿಂಟ್ ಬಂದ ಮೇಲೆಯೇ ಜನ ಅದನ್ನು ಹಿಡಿದುಕೊಂಡು ಸ್ವಾಮಿಗಳ ಹತ್ತಿರ ಹೋಗುವುದು. ಸಂಜೆಗೆ ಓಡಿ ಬಂದು, ಆಯ ಕೂಡಿ ಬಂದಿಲ್ಲ, ಉದ್ದ ಇಷ್ಟು ಕಮ್ಮಿ ಮಾಡಿರಿ ಅನ್ನುವುದು. ಒಂದು ಗೋಡೆ ಸರಿಸಿದರೆ ಉಳಿದ ಗೋಡೆಗಳೂ ಸರಿಯಬೇಕು, ಬಾಗಿಲು, ಕಿಟಕಿ, ಮೆಟ್ಟಿಲು ಎಲ್ಲ ಹೊಸದಾಗಿ ಕೂರಿಸಬೇಕು. ಎರಡು ದಿನದ ಕೆಲಸ. ಬಂದವರು ಎದುರಿಗೇ ಕುಳಿತಿರುತ್ತಾರೆ.

ಆಗ ಸಾಹೇಬರು ಕಂಪ್ಯೂಟರಿನ ಮುಂದೆ ಕುಳಿತ ಹುಡುಗಿಗೆ ಹೇಳುತ್ತಿದ್ದ ಮಾತು ಇದು: “ಗೆರಿ ಮುಟ್ಟಬ್ಯಾಡ. ಅಂಕಿ ತಿದ್ದು.”

ಗೋಡೆಯ ಗೆರೆ ಎಷ್ಟು ಉದ್ದ ಇದೆ ಅನ್ನುವುದು ಆ ಯಂತ್ರಕ್ಕೆ ಗೊತ್ತಿರುತ್ತದೆ, ಪಕ್ಕದಲ್ಲಿ ತಾನೇ ಅಂಕಿ ಬರೆಯುತ್ತದೆ. ಆ ಅಂಕಿಯನ್ನು ಒರೆಸಿ, ಅದರ ಜಾಗದಲ್ಲಿ ಬೇರೆ ಅಂಕಿ ಒತ್ತಿಬಿಡುವುದು. ಗೆರೆ ಹಾಗೇ ಇರುತ್ತದೆ. ಚಿತ್ರದಲ್ಲಿ ಮನೆ ಒಂದು, ಅಂಕಿಯಲ್ಲಿ ಮನೆ ಇನ್ನೊಂದು. ಮೇಸ್ತ್ರಿ ಅಂಕಿ ಓದಿ ಕಟ್ಟುತ್ತಾನೆ, ಗೆರೆಯನ್ನು ಯಾರು ಅಳೆಯುತ್ತಾರೆ? ಕೂಡಿಸಿದಾಗ ಲೆಕ್ಕ ತಾಳೆಯಾಗದಿದ್ದರೆ, ಕಮ್ಮಿ ಬಿದ್ದದ್ದನ್ನು ಯಾವುದೋ ಒಂದು ಕೋಣೆಯಿಂದ ಕತ್ತರಿಸಿಕೊಳ್ಳುತ್ತಾನೆ. ಗೃಹಪ್ರವೇಶದ ದಿನ ಹೋಳಿಗೆ ತಿಂದು ಎಲ್ಲರೂ ಮರೆಯುತ್ತಾರೆ. ಬಾತ್‌ರೂಮಿನ ಬಾಗಿಲು ಪೂರ್ತಿ ತೆರೆಯದ ಮನೆಗಳು ಈ ಸುತ್ತಿನಲ್ಲಿ ಕಂಡರೆ, ಅವು ನಮ್ಮ ಆಫೀಸಿನವೇ ಇರಬೇಕು.

ನನ್ನ ಮನೆಯೂ ಅಲ್ಲಿಯದೇ. ಬಂಡ್ರಿಯಲ್ಲಿ ನನಗೆ ಸೈಟ್ ಸಿಕ್ಕಾಗ ಸಾಹೇಬರು ಬಿಟ್ಟಿಯಾಗಿ ನಕ್ಷೆ ಬರೆಸಿಕೊಟ್ಟರು. ಆಯ ನೋಡಿರಿ ಎಂದು ನಾನು ಕೇಳಿರಲಿಲ್ಲ. ನನಗೆ ಇನ್ನು ಬರುವ ಸಿರಿಯಾಗಲಿ ಸಾವಾಗಲಿ ಅಳತೆ ಕೇಳಿಕೊಂಡು ಬರುವುದಿಲ್ಲ. ಆದರೂ ತಾವೇ ಮೇಲೆ ಬಿದ್ದು ನೋಡಿದರು, ತಾವೇ ಅಂಕಿ ತಿದ್ದಿಸಿದರು. ಮನೆ ಎದ್ದಿತು. ಹಿಂದಿನ ಕೋಣೆಗೆ ನನ್ನ ಅವ್ವನ ಕಾಲದ ಸಾಗುವಾನಿ ಮಂಚ ಹಾಕಲು ಹೋದರೆ ಹಿಡಿಯಲಿಲ್ಲ. ಗೋಡೆಯಿಂದ ಗೋಡೆಗೆ ಒಂದು ಗೇಣು ಕಮ್ಮಿ. ಅಡ್ಡ ಹಾಕಿದರೆ ಬಾಗಿಲಿಗೆ ಬರುತ್ತದೆ. ಕಾಲು ಕೊಯ್ಯಿಸಿದರೆ ಮಂಚ ಗಿಡ್ಡವಾಗುತ್ತದೆ, ಕೋಣೆ ಅಗಲವಾಗುವುದಿಲ್ಲ. ಗೋಡೆ ಒಡೆಸೋಣ ಅಂದರೆ ಮೇಲಿನ ಸ್ಲ್ಯಾಬ್ ಆ ಗೋಡೆಯ ಮೇಲೇ ಕುಳಿತಿದೆ. ಮಂಚ ಹೊರಗೆ ಕಟ್ಟೆಯ ಮೇಲೆ ಉಳಿಯಿತು. ದಿನಾ ಬಸ್ಸಿಗೆ ಕೆಲಸಕ್ಕೆ ಹೋಗಿ ಬಂದು ನಾನು ಅದರ ಮೇಲೇ ಮಲಗತೊಡಗಿದೆ. ಗೃಹಪ್ರವೇಶಕ್ಕೆ ಬಂದ ಸಾಹೇಬರು ಅದರ ಮೇಲೇ ಕುಳಿತು, ಕಿರುಬೆರಳೆತ್ತಿ ಹೋಳಿಗೆ ಮುರಿಯುತ್ತ, “ಆಯ ಭಾಳ ಚಲೋ ಬಂದೈತಿ ನೋಡು,” ಅಂದರು.

ಕಂಪ್ಯೂಟರಿನ ಹುಡುಗಿಯ ವಿಷಯ ಹೇಳಬೇಕು. ಕಂಪ್ಲಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ಹುಡುಗಿ ಅಂದರೆ ಮೂವತ್ತು ದಾಟಿದವಳು. ಮದುವೆ ಬೇಡ ಅಂದವಳನ್ನು ನಮ್ಮ ಕಡೆ ಮುದುಕಿಯಾಗುವವರೆಗೂ ಹುಡುಗಿ ಅನ್ನುತ್ತಾರೆ. ಡಿಪ್ಲೊಮಾ ಓದಿದ್ದಳು. ಅಪ್ಪ ಗಿರಣಿಯಲ್ಲಿ ಮೂಟೆ ಹೊತ್ತು ಬೆನ್ನು ಕಳೆದುಕೊಂಡು ಮಲಗಿದ್ದ. ಮನೆ ಅವಳ ಕೈ ಮೇಲೆ ನಡೆಯುತ್ತಿತ್ತು. ಪ್ರತಿ ನಕ್ಷೆಯ ಮೂಲೆಯಲ್ಲಿ ಒಂದು ಚೌಕ ಇರುತ್ತದೆ, ಅದರಲ್ಲಿ ‘ಬರೆದವರು’ ಅಂತ ಅವಳ ಹೆಸರು, ‘ನೋಡಿದವರು’ ಅಂತ ಸಾಹೇಬರ ಹೆಸರು. ಕಟ್ಟುವಾಗ ಏನಾದರೂ ತಪ್ಪು ಸಿಕ್ಕಿ ಜನ ಜಗಳಕ್ಕೆ ಬಂದರೆ ಸಾಹೇಬರು ಆ ಚೌಕದ ಮೇಲೆ ಬೆರಳಿಟ್ಟು, “ಬರದಾಕಿನ್ನ ಕೇಳ್ರಿ,” ಅನ್ನುತ್ತಿದ್ದರು. ಬೈಸಿಕೊಳ್ಳುವವಳು ಅವಳು. ತಾವು ಆ ಹೊತ್ತಿಗೆ ಫೋನ್ ಬಂದಂತೆ ಮಾಡಿ ಹೊರಗೆ ಹೋಗುತ್ತಿದ್ದರು. ಆ ಫೋನ್ ಒಂದು ದಿನವೂ ರಿಂಗ್ ಆದದ್ದನ್ನು ನಾನು ಕೇಳಿಲ್ಲ.

ಅವಳಿಗೆ ಬೈಗುಳದ ಸಂಕಟಕ್ಕಿಂತ ಹೆಸರಿನ ಸಂಕಟ ದೊಡ್ಡದು. ಒಮ್ಮೆ ಚಹಾ ಲೋಟ ಹಿಡಿದುಕೊಂಡು ನನಗೆ ಹೇಳಿದಳು, “ದೊಡ್ಡವ್ವಾ, ಈ ಆಫೀಸ್ ನಾಳೆ ಮುಚ್ಚಬೌದು. ನನ್ನ ಹೆಸರು ಮಾತ್ರ ಎಲ್ಲಾ ಹಾಳ್ಯಾಗ ಇರತೈತಿ. ಆಕಿ ಸುಳ್ಳು ಅಳತಿ ಬರೀತಾಳ ಅಂದ್ರ ಆಮ್ಯಾಲ ಯಾರು ಕೆಲಸ ಕೊಡ್ತಾರ?” ಅವಳು ಹೇಳಿದ್ದು ಖರೆ.

ಆಫೀಸಿನ ಅರ್ಧ ಅನ್ನ ಸಂಡೂರಿನ ಒಬ್ಬ ಕಾಂಟ್ರಾಕ್ಟರ್ ಕಡೆಯಿಂದ ಬರುತ್ತಿತ್ತು. ಯಾವುದೋ ದೊಡ್ಡ ಕಂಪನಿಗೆ ಕಬ್ಬಿಣದ ಶೆಡ್ ಹಾಕುವವನು. ಕೈಗೆ ಬಂಗಾರದ ಕಡಗ, ಬಾಯಲ್ಲಿ ಗುಟ್ಕಾ, ಶೆಡ್ಡಿಗೂ ಆಯ ನೋಡಿಸುವ ಬುದ್ಧಿ. ಅದಿರು ಸುರಿಯುವ ಶೆಡ್ಡಿಗೆ ಯಾವ ಲಕ್ಷ್ಮಿ ಬಂದು ಕೂಡಬೇಕೋ ಗೊತ್ತಿಲ್ಲ. ಒಂದು ದಿನ ಅವನು ಬಂದು, ಕಂಪನಿಯವರು ಇನ್ನು ಮೇಲೆ ಹೊಸ ಸಾಫ್ಟ್‌ವೇರಿನಲ್ಲಿ ಬರೆದ ನಕ್ಷೆಯನ್ನೇ ಕೇಳುತ್ತಾರೆ, ಮುಂದಿನ ಕೆಲಸ ಬೇಕಾದರೆ ಅದನ್ನು ಹಾಕಿಸಿಕೊಳ್ಳಿ, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇನೆ ಅಂದ.

ನಮ್ಮದು ಬಹಳ ಹಳೆಯ ಸಾಫ್ಟ್‌ವೇರ್. ಸಾಹೇಬರಿಗೆ ಯಾರೋ ಸೀಡಿಯಲ್ಲಿ ತಂದು ಬಿಟ್ಟಿ ಹಾಕಿಕೊಟ್ಟದ್ದು. ಹೊಸದು ಹಾಗಲ್ಲ, ವರ್ಷಾ ವರ್ಷಾ ಬಾಡಿಗೆ ಕಟ್ಟಬೇಕು. ಕೊಂಡ ಮೇಲೂ ತನ್ನದಾಗದ ವಸ್ತುವನ್ನು ಯಾವ ಮೂರ್ಖ ಕೊಳ್ಳುತ್ತಾನೆ ಎಂದು ಸಾಹೇಬರು ಕೂಗಾಡಿದರು. ಹುಡುಗಿ ಶಾಂತವಾಗಿ ಉತ್ತರ ಕೊಟ್ಟಳು: ಆಫೀಸಿನ ಕೋಣೆಯೂ ಬಾಡಿಗೆಯದೇ ಅಲ್ಲವಾ ಸರ್. ಅವಳು ಆಗಲೇ ಭಾನುವಾರಗಳಂದು ಯಾರದೋ ಕ್ಲಾಸಿಗೆ ಹೋಗಿ ಆ ಹೊಸದನ್ನು ಕಲಿತುಕೊಂಡು ಬಂದಿದ್ದಳು. ಸಾಹೇಬರು ಎರಡೂ ಕೈ ಮೇಜಿನ ಮೇಲಿಟ್ಟು, “ನೋಡೂಣು,” ಅಂದರು.

ನೋಡಲು ಶುರು ಮಾಡಿದರು. ಲೆಕ್ಕಪತ್ರ ನೋಡುವವರನ್ನು ಕೇಳಿದರು, ಅವರು ತಗೊಳ್ಳಿ ಅಂದರು. ಕೊಪ್ಪಳದಲ್ಲಿ ಪಂಪ್‌ಸೆಟ್ ಮಾರುವ ಭಾವಮೈದುನನನ್ನು ಕೇಳಿದರು. ಅವನಿಗೆ ಇದರ ತಲೆ ಬುಡ ಗೊತ್ತಿಲ್ಲ, ಆದರೆ ಬೇಡ ಎಂದು ಗಟ್ಟಿಯಾಗಿ ಹೇಳಿದ. ಕೆಳಗಿನ ಸಿಮೆಂಟ್ ಅಂಗಡಿಯವರನ್ನು ಕೇಳಿದರು. ಜ್ಯೋತಿಷಿಯನ್ನು ಕೇಳಿದರು, ಅವನು ಕಂಪ್ಯೂಟರನ್ನು ಪೂರ್ವಕ್ಕೆ ತಿರುಗಿಸಿಡಿ ಅಂದ. ತಿರುಗಿಸಿಟ್ಟೆವು. ಬಿಸಿಲು ನೇರ ಪರದೆಗೆ ಬಿದ್ದು ಹುಡುಗಿಗೆ ಏನೂ ಕಾಣದಾಯಿತು. ಮೂರನೇ ದಿನ ನಾನೇ ತಿರುಗಿಸಿದೆ, ಸಾಹೇಬರಿಗೆ ಗೊತ್ತಾಗಲೂ ಇಲ್ಲ.

ಕೊನೆಗೆ ದೇವರನ್ನು ಕೇಳುವುದು ಅಂತ ಆಯಿತು. ಹಂಪಿಗೆ ಹೋಗುವ ದಾರಿಯಲ್ಲಿ ಒಂದು ಹನುಮಪ್ಪನ ಗುಡಿ ಇದೆ. ಕಲ್ಲಿನ ಮೂರ್ತಿಗೆ ಎರಡೂ ಕಡೆ ಒದ್ದೆ ಹೂವು ಹಚ್ಚಿ ಕೇಳಿಕೊಂಡರೆ, ಬಲಗಡೆಯದು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ಹೂವಿನ ಚೀಲ ಹಿಡಿಯಲು ನನ್ನನ್ನೂ ಕರೆದುಕೊಂಡು ಹೋದರು. ಪೂಜಾರಿ ಹೂವು ಹಚ್ಚಿ ಕೈ ತೆಗೆಯುವಷ್ಟರಲ್ಲಿ ಬಲಗಡೆಯದು ಟಪ್ ಅಂತ ಬಿತ್ತು. ನನಗೆ ಖುಷಿಯಾಯಿತು, ಜಲ್ದಿ ಮುಗಿಯಿತಲ್ಲ ಅಂತ. ಸಾಹೇಬರು ಬಾಗಿಲ ಕಡೆ ನೋಡಿ, ಗಾಳಿ ಬಂತೇನೋ, ಇನ್ನೊಮ್ಮೆ ಹಚ್ಚಿರಿ ಅಂದರು. ಇನ್ನೊಮ್ಮೆಯೂ ಬಲಗಡೆಯದೇ ಬಿತ್ತು. ಹೂವು ಭಾರ ಇರಬೇಕು, ಸಣ್ಣದು ಹಚ್ಚಿರಿ ಅಂದರು.

ಪೂಜಾರಿ ಕೈ ಒರೆಸಿಕೊಂಡ. “ಸಾಹೇಬ್ರ, ಅವ ಹೇಳಿದ್ದು ಹೇಳ್ಯಾನ. ನೀವು ಮನಿಗಿ ಹೋಗ್ರಿ. ಅವಗೂ ಬ್ಯಾರೆ ಮಂದಿ ಅದಾರ,” ಅಂದ.

ಆಟೋದಲ್ಲಿ ವಾಪಸು ಬರುವಾಗ ಸಾಹೇಬರು, ದೇವರಿಗೆ ಸಾಫ್ಟ್‌ವೇರ್ ವಿಷಯ ಎಷ್ಟು ಗೊತ್ತಿರತೈತೋ ಏನೋ ಅಂದರು. ನಾನು ಹೊರಗೆ ನೋಡುತ್ತ ಕುಳಿತೆ. ನಕ್ಕರೆ ಪಗಾರ ಹೋಗುತ್ತಿತ್ತು.

ಈ ನಡುವೆ ಹುಡುಗಿ ತಾನೇ ಫೋನ್ ಮಾಡಿ ಆ ಸಾಫ್ಟ್‌ವೇರ್ ಮಾರುವವನನ್ನು ಹುಬ್ಬಳ್ಳಿಯಿಂದ ಕರೆಸಿದಳು. ಒಂದು ತಿಂಗಳು ಬಿಟ್ಟಿಯಾಗಿ ಹಾಕಿ ತೋರಿಸುತ್ತೇವೆ ಅಂದಿದ್ದನಂತೆ. ಟೈ ಕಟ್ಟಿಕೊಂಡು ಬಂದ, ಆ ಉರಿಯಲ್ಲಿ. ಮೇಕೆಯ ಕೊರಳಿಗೆ ಹಗ್ಗ ಬಿಗಿದ ಹಾಗೆ ಕಾಣುತ್ತಿದ್ದ. ಎಲ್ಲದಕ್ಕೂ ‘ಸೂಪರ್ ಸರ್’ ಅನ್ನುವವನು. ನನ್ನ ಚಹಾಕ್ಕೂ ಸೂಪರ್ ಅಂದ. ಅವತ್ತು ಸಕ್ಕರೆ ಹಾಕಲು ಮರೆತಿದ್ದೆ.

ಯಾವುದಾದರೂ ಒಂದು ಹಳೆಯ ಸಣ್ಣ ಮನೆಯ ನಕ್ಷೆ ತೆಗೆಯಿರಿ, ಅದರ ಮೇಲೆ ಮಾಡಿ ತೋರಿಸುತ್ತೇನೆ ಅಂದ. ಆ ಯಂತ್ರದಲ್ಲಿದ್ದ ಎಲ್ಲಕ್ಕಿಂತ ಸಣ್ಣ ಮನೆ ನನ್ನದು. ಹುಡುಗಿ ಅದನ್ನು ತೆಗೆದು ಕೆಳಗೆ ಇಟ್ಟುಕೊಂಡು, ಹಳೆಯ ಗೆರೆಗಳ ಮೇಲೆಯೇ ಹೊಸದಾಗಿ ಗೋಡೆ ಎಳೆಯುತ್ತ ಹೋದಳು. ಎಲ್ಲ ಮುಗಿದ ಮೇಲೆ ಒಂದು ಗುಂಡಿ ಒತ್ತಿದಳು. ಗೋಡೆಗಳು ಎದ್ದು ನಿಂತವು. ಬಾಗಿಲು, ಕಿಟಕಿ, ಕಟ್ಟೆ. ಬಂಡ್ರಿಯ ನನ್ನ ಮನೆ ಪೆಟ್ಟಿಗೆಯೊಳಗೆ ನಿಂತಿತ್ತು.

ಸಾಹೇಬರು ಕನ್ನಡಕ ಏರಿಸಿಕೊಂಡು ಬಾಗಿ ನೋಡಿ, ಅಂಕಿ ತಪ್ಪಿದೆಯಲ್ಲ ಅಂದರು. ತಿದ್ದಿಸಿದ ಅಂಕಿ ಅಲ್ಲಿರಲಿಲ್ಲ. ಗೆರೆಯ ಅಂಕಿ ಇತ್ತು.

“ತಿದ್ದು,” ಅಂದರು.

ಹುಡುಗಿ ಅಂಕಿ ಒತ್ತಿದಳು. ಅದು ತಗೊಳ್ಳಲಿಲ್ಲ. ಮತ್ತೊಮ್ಮೆ ಒತ್ತಿದಳು. ಯಂತ್ರ ಏನೋ ಎಚ್ಚರಿಕೆ ತೋರಿಸಿತು.

“ಇದರಾಗ ಅಂಕಿ ತಿದ್ದಾಕ ಬರಂಗಿಲ್ಲ ಸರ್,” ಅಂದಳು. “ಗೆರಿ ಎಷ್ಟೈತೋ ಅಷ್ಟ ಹೇಳತೈತಿ.”

ಟೈ ಕಟ್ಟಿದವನು ಕೈ ಉಜ್ಜಿಕೊಂಡು, “ಅದೇ ಸರ್ ಇದರ ಸ್ಪೆಷಾಲಿಟಿ,” ಅಂದ.

ಸಾಹೇಬರ ಮುಖ ನೋಡಬೇಕಿತ್ತು. ಆ ಟೈನವನಿಗೆ ತಾನು ಏನು ಮಾರಲು ಬಂದಿದ್ದೇನೆ, ಯಾರಿಗೆ ಮಾರಲು ಬಂದಿದ್ದೇನೆ ಎರಡೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಹುಡುಗಿ ಆಟಕ್ಕೋ ಏನೋ, ಪರದೆಯಲ್ಲೇ ಕುರ್ಚಿ, ಒಲೆ, ಮಂಚ ಇರುವ ಡಬ್ಬಿ ತೆರೆದು ಒಂದು ಮಂಚ ಆರಿಸಿದಳು. ನನ್ನ ಮಂಚದ ಅಳತೆ ಅವಳಿಗೆ ಬಾಯಿಪಾಠ. ದಿನಾ ಅದೇ ಗೋಳು ಹೇಳಿ ಹೇಳಿ ಅವಳ ತಲೆ ತಿಂದಿದ್ದೆ. ಅಳತೆ ಕೊಟ್ಟು, ಹಿಂದಿನ ಕೋಣೆಗೆ ಎಳೆದು ಬಿಟ್ಟಳು. ಮಂಚ ಗೋಡೆಯಿಂದ ಗೋಡೆಗೆ ಆರಾಮಾಗಿ ಕುಳಿತಿತು. ಕಾಲ್ದೆಸೆಗೆ ಚೊಂಬು ಇಡುವಷ್ಟು ಜಾಗವೂ ಉಳಿಯಿತು.

ನಾನು ಪರದೆಯ ಹತ್ತಿರ ಹೋಗಿ ನಿಂತೆ.

“ಸಾಹೇಬ್ರ,” ಅಂದೆ, “ಇಲ್ಲಿ ಹಿಡಿಸೈತಲ್ರಿ.”

ಟೈನವನು ಸೂಪರ್ ಅನ್ನಲು ಬಾಯಿ ತೆರೆದು ಮುಚ್ಚಿಕೊಂಡ. ನಕ್ಷೆ ಮೊದಲಿನಿಂದಲೂ ಸರಿಯಾಗಿತ್ತು. ಗೆರೆಯ ಪ್ರಕಾರ ಕಟ್ಟಿದ್ದರೆ ನಾನು ಅಷ್ಟೂ ವರ್ಷ ಒಳಗೆ ಮಲಗುತ್ತಿದ್ದೆ. ಕೆಟ್ಟ ನಕ್ಷೆ ಬರೆದಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಸರಿ ಬರೆದು ಕೆಡಿಸಿದ್ದಕ್ಕೆ ಬಂತು.

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು. “ನೋಡೂಣು,” ಅಂದರು. ಆವತ್ತು ಆ ಮಾತಿಗೆ ತುಟಿ ಮಾತ್ರ ಅಲ್ಲಾಡಿತು. ಟೈನವನು ಕಾರ್ಡ್ ಇಟ್ಟು ಹೋದ. ಹುಡುಗಿ ಪರದೆ ಆರಿಸಲಿಲ್ಲ. ಸಂಜೆಯವರೆಗೂ ನನ್ನ ಮಂಚ ಅಲ್ಲೇ ಬಿದ್ದಿತ್ತು, ಸಾಹೇಬರ ಎದುರಿಗೆ.

ಅದಾಗಿ ವಾರ ಕಳೆದಿತ್ತೋ ಇಲ್ಲವೋ, ಕಾಂಟ್ರಾಕ್ಟರ್ ಮೆಟ್ಟಿಲು ಸದ್ದು ಮಾಡುತ್ತ ಬಂದ. ಹಿಂದೆ ಬರೆಸಿಕೊಂಡು ಹೋಗಿದ್ದ ಶೆಡ್ಡಿನ ಕಬ್ಬಿಣ ಅಷ್ಟೂ ಕತ್ತರಿಸಿ, ತೂತು ಕೊರೆದು, ಸಂಡೂರಿಗೆ ಸಾಗಿಸಿದ್ದರು. ಕ್ರೇನಿನಿಂದ ಎತ್ತಿ ಹಿಡಿದರೆ ಅಡ್ಡ ತೊಲೆ ಕಂಬಕ್ಕೆ ಮುಟ್ಟಲಿಲ್ಲವಂತೆ. ನಾಲ್ಕು ಬೆರಳು ಕಮ್ಮಿ. ತೂತಿಗೆ ತೂತು ಕೂಡಲಿಲ್ಲ. ಕಂಪನಿಯವರು ಎಲ್ಲರೆದುರಿಗೆ ಅವನ ಮಾನ ಕಳೆದರಂತೆ. ಅವನಿಗೆ ಮಾನ ಇತ್ತು ಅನ್ನುವುದು ನನಗೆ ಅವತ್ತೇ ಗೊತ್ತಾದದ್ದು.

ಹಾಳೆಯನ್ನು ಮೇಜಿನ ಮೇಲೆ ಒಗೆದು, ಮೂಲೆಯ ಚೌಕಕ್ಕೆ ಬೆರಳಿಟ್ಟು, “ಇದನ್ನ ಬರದಾಕಿ ಯಾರು? ಆಕಿ ಹೆಸರು ಸೊಂಡೂರಿನಿಂದ ಬಳ್ಳಾರಿತನಾ ಹೇಳಿ ಬರ್ತೀನಿ. ಇನ್ನ ಯಾವನೂ ಆಕಿ ಕೈಗೆ ಪೆನ್ಸಿಲ್ ಕೊಡಬಾರದು,” ಅಂದ.

ಹುಡುಗಿ ಎದ್ದು ನಿಂತಳು. ಕುರ್ಚಿಯ ಬೆನ್ನು ಗಟ್ಟಿಯಾಗಿ ಹಿಡಿದಿದ್ದಳು. ಸಾಹೇಬರ ಫೋನ್ ಮೇಜಿನ ಮೇಲಿತ್ತು. ಅದನ್ನು ಎತ್ತಿಕೊಂಡು ಹೊರಗೆ ಹೋಗುತ್ತಾರೆ ಅನ್ನುವುದರಲ್ಲಿ ನನಗೆ ಅನುಮಾನವಿರಲಿಲ್ಲ. ಕೈ ಅದರ ಮೇಲೆ ಹೋದದ್ದೂ ಖರೆ. ಹೋದ ಕೈ ಅಲ್ಲೇ ನಿಂತಿತು.

“ಅಂಕಿ ನಂದು,” ಅಂದರು.

“ಏನಂದ್ರಿ?”

“ಗೆರಿ ಆಕಿದು, ಬರೋಬ್ಬರಿ ಐತಿ. ನಿಮ್ಮ ಆಯಕ್ಕ ಅಂಕಿ ತಿದ್ದಿಸಿದಾಂವ ನಾನು. ಕಂಬದ ಹಾಳ್ಯಾಗ ತಿದ್ದಿಸಿದೆ, ತೊಲಿ ಹಾಳ್ಯಾಗ ಮರತೆ. ಆಕಿನ್ನ ಏನೂ ಅನಬ್ಯಾಡ್ರಿ.”

ನಾನು ಚಹಾ ಸೋಸುತ್ತಿದ್ದೆ. ಸ್ವಲ್ಪ ಹೊರಗೆ ಚೆಲ್ಲಿತು.

ಕಾಂಟ್ರಾಕ್ಟರ್ ಬಾಯಿಗೆ ಬಂದಂತೆ ಬೈದ. ಇಷ್ಟು ವಯಸ್ಸಾಗಿದೆ, ಓದಿದ್ದೀರಿ, ನಾಚಿಕೆ ಬರುವುದಿಲ್ಲವಾ ಎಂದು ಕೇಳಿದ. ಶೆಡ್ಡಿಗೆ ಆಯ ಕೇಳಿದವನು ತಾನೇ ಅನ್ನುವುದು ಅವನಿಗೆ ನೆನಪೇ ಬರಲಿಲ್ಲ. ಇಂಥವರಿಗೆ ಬರುವುದೂ ಇಲ್ಲ. ಸಾಹೇಬರು ತಲೆ ತಗ್ಗಿಸಿ ಕೇಳಿಸಿಕೊಂಡರು. ಬೈದು ಸುಸ್ತಾದ ಮೇಲೆ ಅವನು ಹುಡುಗಿಯ ಕಡೆ ತಿರುಗಿ, ಹೊಸದರಲ್ಲಿ ಮಾಡಲು ಬರುತ್ತದೇನು ಎಂದು ಕೇಳಿದ. ಬರುತ್ತದೆ ಅಂದಳು. ಹಾಗಾದರೆ ಈ ಶೆಡ್ ನೀನೇ ಸರಿ ಮಾಡಿಕೊಡು, ಮುಂದಿನದನ್ನು ಆಮೇಲೆ ಮಾತಾಡೋಣ, ಆದರೆ ಈ ಆಫೀಸಿಗೆ ನಾನು ಕಾಲಿಡುವುದಿಲ್ಲ ಅಂದ. ಅಂದವನು ನನ್ನ ಚಹಾ ಕುಡಿದೇ ಹೋದ.

ಹುಡುಗಿ ಸಾಹೇಬರನ್ನು ನೋಡಿದಳು. ಆಫೀಸು ಉಳಿಯಬೇಕಾದರೆ ಅವರು ಆಗ ಹೊಸದನ್ನು ಕೊಳ್ಳುತ್ತೇನೆ ಅನ್ನಬೇಕಿತ್ತು. ಇವಳು ಉಳಿಯುತ್ತಿದ್ದಳು, ಕಾಂಟ್ರಾಕ್ಟರೂ ನಾಲ್ಕು ದಿನಕ್ಕೆ ಮರೆತು ಬರುತ್ತಿದ್ದ.

“ನೀ ಕೊಂಡ್ಕೊ,” ಅಂದರು ಸಾಹೇಬರು. “ನನಗ ಬ್ಯಾಡ. ನನಗ ಅಂಕಿ ತಿದ್ದೋ ಚಟ ಐತಿ, ಅದು ಹೋಗಂಗಿಲ್ಲ. ನಿನ್ನ ಬಾಜೂ ಕುರ್ಚ್ಯಾಗ ನಾ ಕುಂತ್ರ ನಿನಗೂ ಅದನ್ನ ಹಚ್ಚತೀನಿ. ಆ ಕಂಪ್ಯೂಟರ್ ಒಯ್ಯಿ.”

ಆ ಆಫೀಸಿನಲ್ಲಿ ಅವರು ಯಾರನ್ನೂ ಕೇಳದೆ ಮಾಡಿದ ನಿರ್ಧಾರವನ್ನು ನಾನು ಕಂಡದ್ದು ಅದೊಂದೇ.

ಜನ ಈಗ ಅದನ್ನು ದೊಡ್ಡತನ ಅನ್ನುತ್ತಾರೆ. ಹುಡುಗಿಯೂ ಅನ್ನುತ್ತಾಳೆ. ನಾನು ಅನ್ನುವುದಿಲ್ಲ. ಅಷ್ಟು ವರ್ಷ ಬೇರೆಯವರ ತಲೆಗೆ ಕಟ್ಟಿದ್ದನ್ನು ಒಂದು ದಿನ ತಮ್ಮ ತಲೆಗೆ ಕಟ್ಟಿಕೊಂಡರೆ ಅದು ದೊಡ್ಡತನ ಅಲ್ಲ, ಅಳತೆ ತಾಳೆಯಾಯಿತು ಅಷ್ಟೆ. ಅದಕ್ಕೆ ಒಂದು ಇಡೀ ಆಯುಷ್ಯ ಬೇಕಾಯಿತು ಅನ್ನುವುದು ಹೊಗಳುವ ಮಾತೇ?

ಹುಡುಗಿ ಕಂಪ್ಲಿ ರಸ್ತೆಯಲ್ಲಿ ಸಣ್ಣ ಕೋಣೆ ಹಿಡಿದಳು. ಅವಳ ಹತ್ತಿರ ಈಗ ಆಯ ನೋಡಿಸುವವರು ಮೊದಲೇ ನೋಡಿಸಿಕೊಂಡು ಬರಬೇಕು. ಆಮೇಲೆ ಬ್ಯಾಡ ಅಂದರೆ ಗೋಡೆ ಸರಿಸಲು ಎರಡು ದಿನ ಹಿಡಿಯುತ್ತದೆ, ಕಾಯಬೇಕು. ಜನ ಕಾಯುತ್ತಾರೆ. ನಾನು ಬೆಳಿಗ್ಗೆ ಅಲ್ಲಿ ಕಸ ಹೊಡೆದು, ಆಮೇಲೆ ಸಾಹೇಬರ ಕೋಣೆಗೆ ಹೋಗುತ್ತಿದ್ದೆ. ಅಲ್ಲಿ ಹೊಡೆಯಲು ಕಸವೂ ಇರುತ್ತಿರಲಿಲ್ಲ. ಹಳೆಯ ಸಾಫ್ಟ್‌ವೇರ್ ಇದ್ದ ಉಳಿದೊಂದು ಕಂಪ್ಯೂಟರಿಗೆ ಬಟ್ಟೆ ಹೊದಿಸಿ, ಅಟ್ಟದಿಂದ ಮರದ ಹಲಗೆ ಇಳಿಸಿಕೊಂಡು ಏನೋ ಬರೆಯುತ್ತ ಕುಳಿತಿರುತ್ತಿದ್ದರು. ಏನು ಬರೆಯುತ್ತಿದ್ದೀರಿ ಎಂದು ನಾನು ಕೇಳಲಿಲ್ಲ. ಕೇಳಿದರೆ ತೋರಿಸುತ್ತಿದ್ದರು, ತೋರಿಸಿದರೆ ಚಲೋ ಐತಿ ಅನ್ನಬೇಕಾಗುತ್ತಿತ್ತು.

ಎದೆ ನೋವು ಅಂದಾಗ ಬಳ್ಳಾರಿಯ ಡಾಕ್ಟರು ಜಲ್ದಿ ಆಪರೇಷನ್ ಮಾಡಿಸಬೇಕು ಅಂದರು. ಸಾಹೇಬರು ಅವರಿಗೂ ‘ನೋಡೂಣು’ ಅಂದರು. ಇನ್ನೊಬ್ಬ ಡಾಕ್ಟರನ್ನು ಕೇಳಿದರು, ಭಾವಮೈದುನನನ್ನು ಕೇಳಿದರು. ಹನುಮಪ್ಪನ ಗುಡಿಗೆ ಹೋಗುವುದೂ ಇತ್ತೇನೋ, ಎದೆ ಅಷ್ಟು ದಿನ ಕಾಯಲಿಲ್ಲ. ಸಾಯುವುದಕ್ಕೆ ಮಾತ್ರ ಅವರು ಯಾರ ಅಭಿಪ್ರಾಯವನ್ನೂ ತೆಗೆದುಕೊಳ್ಳಲಿಲ್ಲ.

ಮಣ್ಣಿಗೆ ಹೋಗಿದ್ದೆ. ಕುಣಿ ತೋಡುವವನು ಕೋಲಿನಿಂದ ಅಳತೆ ತಗೊಂಡು ತೋಡಿದ್ದ. ಆ ಜಾಗಕ್ಕೆ ಯಾರೂ ಆಯ ನೋಡಿರಲಿಲ್ಲ, ಯಾರೂ ಅಂಕಿ ತಿದ್ದಿರಲಿಲ್ಲ. ಸಾಹೇಬರು ಅದರೊಳಗೆ ಸರಿಯಾಗಿ ಹಿಡಿಸಿದರು. ಇಳಿಸುವಾಗ ಬಲಗೈ ಹೊರಗೆ ಜಾರಿತು, ಕಿರುಬೆರಳಿನ ಕರಿ ಗಂಟು ಕಂಡಿತು. ಹುಡುಗಿ ಅತ್ತಳು. ನಾನು ಅಳಲಿಲ್ಲ. ಯಾರೋ ಆ ಕೈಯನ್ನು ಒಳಗೆ ಸರಿಸಿದರು.

ಈಗ ಮೊಣಕಾಲು ನಡೆಯುವುದಿಲ್ಲ, ಬಂಡ್ರಿಯಲ್ಲೇ ಇರುತ್ತೇನೆ. ಹಿಂದಿನ ಕೋಣೆಯಲ್ಲಿ ಜೋಳದ ಚೀಲ ಇಟ್ಟಿದ್ದೇನೆ. ಬರೆಯಬೇಕು ಅನಿಸಿದಾಗ ಹಾಳೆಯ ಮೇಲೆ ಮೊದಲು ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದುಕೊಳ್ಳುತ್ತೇನೆ, ಮೇಲಿನದಕ್ಕೆ ತಲೆ, ಕೆಳಗಿನದಕ್ಕೆ ಕಾಲು. ಬೇರೆ ರೀತಿ ಬರೆಯಲು ನನಗೆ ಬರುವುದಿಲ್ಲ. ಇದನ್ನೂ ಹಾಗೆಯೇ ಬರೆದೆ, ಹೊರಗೆ ಕಟ್ಟೆಯ ಮೇಲೆ, ಒಳಗೆ ಹಿಡಿಯದ ಆ ಮಂಚದಲ್ಲಿ ಕುಳಿತು.